ನಿಧಾನದ ಮಡಕೆಯಲ್ಲಿ ಪಂದಿ ಕರಿ

ಶೀರ್ಷಿಕೆ ನೋಡಿದೊಡನೆ ಪುಟ ಮಗುಚುವ ಓದುಗರು ನಮ್ಮ ಬಳಗದಲ್ಲಿ ಅನೇಕರಿದ್ದಾರೆಂದು ನನಗೆ ಗೊತ್ತು. ಅವರ ಮೇಲೆ ನನಗೆ ಬೇಸರವೇನೂ ಇಲ್ಲ. ಸಂಘದ ಪಿಕ್‌ನಿಕ್ಕಿಗೆ ಮನೆಯಿಂದ ಅಡುಗೆ ಒಯ್ಯುವಾಗ ನಾವು ಕೊಡಗಿನವರು ನಮ್ಮ ಡಬ್ಬಿಯನ್ನು ಬೇರೆ ಮೇಜಿನ ಮೇಲಿಟ್ಟು, ಅದಕ್ಕೊಂದು ಚೀಟಿ ಅಂಟಿಸಿ, ಬೇರೆಯ ಸೌಟನ್ನೇ ಇಡುತ್ತೇವೆ. ಈ ಬರಹವನ್ನೂ ಅಂಥದೇ ಒಂದು ಡಬ್ಬಿ ಎಂದು ತಿಳಿಯಿರಿ. ಬೇಕಾದವರು ಮುಚ್ಚಳ ತೆರೆಯಲಿ. ಸಸ್ಯಾಹಾರಿಗಳಿಗೂ ನಡುವೆ ಒಂದು ಎಚ್ಚರಿಕೆಯ ಮಾತಿದೆ, ಅಷ್ಟನ್ನಾದರೂ ಓದಿ ಮುಂದೆ ಹೋಗಿ.

ಕೊಡಗಿನಲ್ಲಿ ಗದ್ದೆಯ ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಕೋವಿ, ಕತ್ತಿಗಳನ್ನು ಒರೆಸಿ ಸಾಲಾಗಿಟ್ಟು, ನಾವು ತೋಕ್ ಪೂ ಎನ್ನುವ ಅಗ್ನಿಶಿಖೆ ಹೂವನ್ನು ಇಟ್ಟು ಪೂಜೆ. ಪೂಜೆಯಾದ ಮೇಲೆ ಊಟಕ್ಕೆ ಕಡಂಬುಟ್ಟು ಮತ್ತು ಪಂದಿ ಕರಿ. ಹಿಂದೆ ಅದು ಬೇಟೆಯ ಕಾಡುಹಂದಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ನನ್ನ ಬಾಲ್ಯದ ನೆನಪಿನಲ್ಲಿರುವುದು ಸಾಕುಹಂದಿಯೇ. ಬೆಳಿಗ್ಗೆ ಸೌದೆ ಒಲೆಯ ಮೇಲೆ ದೊಡ್ಡ ಪಾತ್ರೆ ಏರಿದರೆ ಮಧ್ಯಾಹ್ನದವರೆಗೂ ಅದು ಇಳಿಯುತ್ತಿರಲಿಲ್ಲ. ಮೊದಲು ಉರಿ, ಆಮೇಲೆ ಉರಿ ಎಳೆದು ಬರೀ ಕೆಂಡ. ನನ್ನ ಅವ್ವ ಅದರ ಎದುರು ಕುಳಿತವಳೇ ಅಲ್ಲ. ಹಟ್ಟಿ, ತೋಟ, ಮಕ್ಕಳು, ಬಂದ ನೆಂಟರು ಎಲ್ಲವನ್ನೂ ನೋಡಿಕೊಂಡು, ಹಾದು ಹೋಗುವಾಗ ಒಮ್ಮೆ ಪಾತ್ರೆಯನ್ನು ಕುಲುಕಿ ಹೋಗುತ್ತಿದ್ದಳು. ಅಡುಗೆ ಮಾಡುತ್ತಿದ್ದದ್ದು ಕೆಂಡ.

1993ರಲ್ಲಿ ಮದುವೆಯಾಗಿ ಮುಲುಂದಿಗೆ ಬಂದೆ. ಇಲ್ಲಿಯ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಸೌದೆ ಎಲ್ಲಿ, ಕೆಂಡ ಎಲ್ಲಿ? ಮುಂಬಯಿಯ ಎಲ್ಲ ಗೃಹಿಣಿಯರಂತೆ ನನಗೂ ಪ್ರೆಷರ್ ಕುಕ್ಕರೇ ಗತಿ. ಅರ್ಧ ಗಂಟೆಯೊಳಗೆ ಮಾಂಸವೇನೋ ಬೇಯುತ್ತದೆ. ಆದರೆ ಕುಕ್ಕರಿನೊಳಗೆ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಬಿಸಿಗೆ ಮಾಂಸದ ನಾರು ಬಿಗಿದು, ತನ್ನ ರಸವನ್ನು ಹಿಂಡಿ ಹೊರಗೆ ಹಾಕುತ್ತದೆ. ಕೊಬ್ಬು ಕರಗಿ ಮೇಲೆ ತೇಲುತ್ತದೆ, ತುಂಡು ಬಾಯಲ್ಲಿ ನೂಲುನೂಲಾಗುತ್ತದೆ. ಗ್ಯಾಸಿನ ಸಣ್ಣ ಉರಿಯಲ್ಲಿ ದಪ್ಪ ತಳದ ಪಾತ್ರೆಯಿಟ್ಟು ಎರಡೂವರೆ ಗಂಟೆ ಬೇಯಿಸಿದರೆ ರುಚಿ ಸರಿಯಾಗುತ್ತದೆ, ನಿಜ. ಆದರೆ ತಳ ಹಿಡಿಯದಂತೆ ಕಾಯುತ್ತಾ ಭಾನುವಾರದ ಬೆಳಗು ಪೂರ್ತಿ ಒಲೆಯ ಮುಂದೆ ಹೋಗುತ್ತದೆ. ನಾನು ಮನೆಯಲ್ಲಿರುವವಳು, ಮೂವತ್ತು ವರ್ಷ ಹಾಗೆಯೇ ಮಾಡಿದೆ. ನನ್ನ ಸೊಸೆಯ ಮಾತು ಬೇರೆ.

ಅವಳು ಮಾಲ್ವಣದ ಕಡೆಯ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಏಳೂವರೆಯ ಲೋಕಲ್ ಹಿಡಿದರೆ ಮನೆ ಸೇರುವಾಗ ರಾತ್ರಿ ಎಂಟು. ಒಮ್ಮೆ ಊಟ ಮಾಡುತ್ತಾ, "ಆಯಿ, ಪಂದಿ ಕರಿ ತಿನ್ನಲು ನನಗೂ ಇಷ್ಟ. ಆದರೆ ನಿಮ್ಮ ನಂತರ ಈ ಮನೆಯಲ್ಲಿ ಅದನ್ನು ಮಾಡುವವರು ಯಾರು? ನನಗೆ ಇರುವುದು ವಾರಕ್ಕೊಂದೇ ಭಾನುವಾರ" ಎಂದಳು. ಮಾತು ಖಾರವಾಗಿರಲಿಲ್ಲ, ಲೆಕ್ಕ ಸರಿಯಾಗಿತ್ತು. ನನ್ನ ಮೊಮ್ಮಗನಿಗೆ ಕೊಡವ ತಕ್ಕ್ ನಾಲ್ಕು ಮಾತು ಬರುತ್ತದೆ, ಕನ್ನಡ ಅದಕ್ಕಿಂತ ಸ್ವಲ್ಪ ಹೆಚ್ಚು. ಕೊಡಗಿನ ಬಗ್ಗೆ ಅವನಿಗೆ ಗಟ್ಟಿಯಾಗಿ ಗೊತ್ತಿರುವುದು ಈ ಕರಿಯ ಬಣ್ಣ ಮತ್ತು ವಾಸನೆ. ಒಬ್ಬ ಹೆಂಗಸಿನ ಇಡೀ ಭಾನುವಾರವನ್ನು ಬೇಡುವ ಅಡುಗೆ ನನ್ನ ತಲೆಮಾರಿಗೇ ನಿಂತುಹೋಗುವುದು ಖಂಡಿತ. ಸ್ಲೋ ಕುಕ್ಕರ್ ನಮ್ಮ ಮನೆಗೆ ಬಂದದ್ದು ಆ ಕಾರಣಕ್ಕೆ, ಹೊಸ ಯಂತ್ರದ ಹುಚ್ಚಿನಿಂದಲ್ಲ.

ಮಡಿಕೇರಿಯಲ್ಲಿ ಬಿ.ಎ. ಓದುವಾಗ ಇಂಗ್ಲಿಷ್ ಪಾಠದಲ್ಲಿ ಚಾರ್ಲ್ಸ್ ಲ್ಯಾಂಬ್‌ನ ಹಂದಿ ಸುಡುವ ಪ್ರಬಂಧವಿತ್ತು. 1822ರ ಬರಹ. ಚೀನಾ ದೇಶದ ಒಬ್ಬ ಹುಡುಗನ ಕೈತಪ್ಪಿನಿಂದ ಗುಡಿಸಲಿಗೆ ಬೆಂಕಿ ಬಿದ್ದು ಹಂದಿಮರಿಗಳು ಬೆಂದು, ಆ ರುಚಿ ಹತ್ತಿದ ಜನ ಹಂದಿ ತಿನ್ನಬೇಕೆನಿಸಿದಾಗಲೆಲ್ಲ ಮನೆಗೇ ಬೆಂಕಿ ಹಚ್ಚತೊಡಗಿದರಂತೆ. ಬಹಳ ಕಾಲದ ನಂತರ ಒಬ್ಬ ಜಾಣ, ಇಡೀ ಮನೆ ಸುಡದೆಯೂ ಹಂದಿ ಬೇಯಿಸಬಹುದೆಂದು ಕಂಡುಹಿಡಿದನಂತೆ. ಕೊಡಗಿನ ಹುಡುಗಿಯರೆಲ್ಲ ತರಗತಿಯಲ್ಲಿ ಬಾಯಿಗೆ ಸೆರಗು ಮುಚ್ಚಿ ನಕ್ಕಿದ್ದೆವು. ಈಗ ಇನ್ನೂರು ವಾಟಿನ ಮಡಕೆಯ ಎದುರು ನಿಂತಾಗ ಆ ಜಾಣನ ನೆನಪಾಗುತ್ತದೆ.

ಈ ಮಡಕೆಯನ್ನು ರೂಪಿಸಿದವನು ಅಮೆರಿಕದ ಅರ್ವಿಂಗ್ ನಾಕ್ಸನ್. ಅವನಿಗೆ ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಲಿಥುವೇನಿಯಾದಲ್ಲಿ ಅವನ ಹಿರಿಯರ ಕಾಲದಲ್ಲಿ ಶುಕ್ರವಾರ ಸಂಜೆ ಕಾಳು ಮಾಂಸದ ಮಡಕೆಯನ್ನು ಬೇಕರಿಯವನ ಆರುತ್ತಿರುವ ಒಲೆಯಲ್ಲಿಟ್ಟು, ಮರುದಿನ ಬೆಂಕಿ ಮುಟ್ಟದ ಸಬ್ಬತ್ ದಿನದಂದು ಬಿಸಿಯಾಗಿ ತೆಗೆಯುತ್ತಿದ್ದರಂತೆ. ಆ ಕಥೆ ತಾಯಿಯ ಬಾಯಲ್ಲಿ ಕೇಳಿ ಅವನಿಗೆ ಹೊಳೆದದ್ದು ಇದು. 1971ರಲ್ಲಿ ರೈವಲ್ ಎಂಬ ಕಂಪೆನಿ ಅದನ್ನೇ ತಿದ್ದಿ ಕ್ರಾಕ್ ಪಾಟ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಹೊರಗೆ ದುಡಿಯಲು ಹೋಗುವ ಹೆಂಗಸರು ಅದನ್ನು ಮುಗಿಬಿದ್ದು ಕೊಂಡರು. ಹಂದಿಯನ್ನು ಮುಟ್ಟದ ಯಹೂದಿಗಳ ಅಜ್ಜಿಯ ಮಡಕೆಯಲ್ಲಿ ನಾವು ಪಂದಿ ಕರಿ ಮಾಡುತ್ತಿದ್ದೇವೆ. ಆ ಅಜ್ಜಿ ಕ್ಷಮಿಸಲಿ!

ಒಳಗೆ ನಡೆಯುವುದು ಬಹಳ ಸರಳ. ಪಿಂಗಾಣಿಯ ದಪ್ಪ ಪಾತ್ರೆಯ ಸುತ್ತ ವಿದ್ಯುತ್ ತಂತಿ ಇರುತ್ತದೆ. ಅದು ಪಾತ್ರೆಯನ್ನು ಗಂಟೆಗಟ್ಟಲೆ ಮೆಲ್ಲನೆ ಬಿಸಿ ಮಾಡುತ್ತದೆ. 'ಲೋ' ಇಟ್ಟರೂ 'ಹೈ' ಇಟ್ಟರೂ ಕೊನೆಗೆ ಮುಟ್ಟುವುದು ಕುದಿಯುವ ಬಿಂದುವಿನ ಸ್ವಲ್ಪ ಕೆಳಗಿನ ಶಾಖವನ್ನೇ, 'ಲೋ'ದಲ್ಲಿ ತಡವಾಗಿ ಮುಟ್ಟುತ್ತದೆ, ಅಷ್ಟೇ. ಹಂದಿಯ ಭುಜ, ಹೊಟ್ಟೆಯ ಭಾಗಗಳಲ್ಲಿ ಕೊಲಾಜೆನ್ ಎಂಬ ಬಿಳಿಯ ಗಟ್ಟಿ ನಾರು ಇರುತ್ತದೆ. 70 ಡಿಗ್ರಿ ದಾಟಿದ ಶಾಖದಲ್ಲಿ ಬಹಳ ಹೊತ್ತು ಇದ್ದರೆ ಅದು ಕರಗಿ ಅಂಟಂಟಾದ ಜೆಲಾಟಿನ್ ಆಗುತ್ತದೆ. ಕೆಂಡದ ಮೇಲಿನ ಕರಿಯನ್ನು ತಿಂದಾಗ ತುಟಿಗೆ ತುಟಿ ಅಂಟುತ್ತಿತ್ತಲ್ಲ, ಅದು ಇದೇ. ಇನ್ನೂರು ವಾಟಿನ ಮಡಕೆ ಎಂಟು ಗಂಟೆ ಓಡಿದರೆ ಹೆಚ್ಚೆಂದರೆ ಒಂದೂಮುಕ್ಕಾಲು ಯೂನಿಟ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ, ಗಾಬರಿಯಾಗುವಂಥದ್ದೇನೂ ಇಲ್ಲ.

ಕೊಳ್ಳುವ ಮುನ್ನ ಎರಡು ಮಾತು. ಅಮೆರಿಕದಲ್ಲಿರುವ ಮಗಳೋ ನಾದಿನಿಯೋ ತಂದುಕೊಟ್ಟದ್ದಾದರೆ ತಳದಲ್ಲಿ ಬರೆದಿರುವ ವೋಲ್ಟೇಜ್ ನೋಡಿ. ಅಲ್ಲಿಯದು 120, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಎರಡನೆಯದು, ಗುಂಡಿ ಒತ್ತುವ ಡಿಜಿಟಲ್ ಮಾದರಿಗಿಂತ ತಿರುಗಿಸುವ ಕಿವಿಯಿರುವುದು ವಾಸಿ. ಕರೆಂಟ್ ಹೋಗಿ ಬಂದರೆ ಅದು ತಾನಾಗಿ ಮತ್ತೆ ಬಿಸಿಯಾಗುತ್ತದೆ. ಡಿಜಿಟಲ್‌ನವು ಎಷ್ಟೋ ಸಲ ಹಾಗೆಯೇ ಸುಮ್ಮನೆ ಕುಳಿತುಬಿಡುತ್ತವೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಸುಮಾರಿಗೆ ಇಡೀ ಮುಂಬಯಿಯ ಕರೆಂಟ್ ಹೋಗಿ ಲೋಕಲ್ ರೈಲುಗಳೂ ನಿಂತದ್ದು ನಿಮಗೆ ನೆನಪಿರಬಹುದು. ಅಂಥ ದಿನ ನೀವು ಮನೆಯಲ್ಲಿದ್ದರೆ ತಡಮಾಡದೆ ಎಲ್ಲವನ್ನೂ ಗ್ಯಾಸಿಗೆ ವರ್ಗಾಯಿಸಿ. ನೀವು ಹೊರಗಿದ್ದು, ಎಷ್ಟು ಹೊತ್ತು ಕರೆಂಟ್ ಇರಲಿಲ್ಲವೆಂಬುದು ತಿಳಿಯದಿದ್ದರೆ, ಒಂದೂವರೆ ಕಿಲೋ ಮಾಂಸವಾದರೂ ಸರಿ, ಚೆಲ್ಲಿಬಿಡಿ. ಅರೆಬಿಸಿಯಲ್ಲಿ ಗಂಟೆಗಟ್ಟಲೆ ಕುಳಿತ ಮಾಂಸವನ್ನು ಮತ್ತೆ ಕುದಿಸಿದರೂ ನಂಬುವಂತಿಲ್ಲ. ಅದೇ ಕಾರಣಕ್ಕೆ ಫ್ರೀಜರಿನಿಂದ ತೆಗೆದ ಕಲ್ಲಿನಂಥ ಮಾಂಸವನ್ನು ನೇರವಾಗಿ ಇದಕ್ಕೆ ಹಾಕಬಾರದು. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಕರಗಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ ಹೇಳಬೇಕೆಂದದ್ದು ಇಷ್ಟೆ: ಈ ಮಡಕೆಯಲ್ಲಿ ಹುರುಳಿ ಸಾರಿನ ಕಟ್ಟು ಬಹಳ ಚೆನ್ನಾಗಿ ಬರುತ್ತದೆ. ಆದರೆ ರಾಜ್ಮಾವನ್ನು ಹಸಿಯಾಗಿ ಎಂದೂ ಹಾಕಬೇಡಿ. ಅದರಲ್ಲಿರುವ ಒಂದು ವಿಷಾಂಶ ಇದರ ಮೆಲುಶಾಖಕ್ಕೆ ಸಾಯುವುದಿಲ್ಲ, ವಾಂತಿ ಭೇದಿಯಾಗುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಗ್ಯಾಸಿನ ಮೇಲೆ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು, ಕೊತಕೊತ ಕುದಿಸಿದ ಮೇಲೆ ಹಾಕಿ.

ಇನ್ನು ಮುಖ್ಯ ವಿಷಯ. ಸ್ಲೋ ಕುಕ್ಕರಿನ ಜೊತೆ ಬರುವ ಪುಸ್ತಿಕೆ ಏನೇ ಹೇಳಲಿ, ಎಲ್ಲವನ್ನೂ ಒಟ್ಟಿಗೆ ಸುರಿದು ಸ್ವಿಚ್ ಒತ್ತಿ ಹೋದರೆ ಸಂಜೆಗೆ ಸಿಗುವುದು ಬೆಂದ ಹಂದಿ ಮಾಂಸದ ನೀರುಸಾರು. ಕೆಂಡದ ಮೇಲಿನ ಪಾತ್ರೆಯಿಂದ ನೀರು ಆವಿಯಾಗಿ ಹೋಗುತ್ತಿತ್ತು. ಈ ಮಡಕೆಯ ಮುಚ್ಚಳದಿಂದ ಹನಿಹನಿಯೂ ಮತ್ತೆ ಕೆಳಗೇ ಬೀಳುತ್ತದೆ. ಮಾಂಸ ತನ್ನದೇ ನೀರು ಬಿಡುತ್ತದೆ, ಈರುಳ್ಳಿ ತನ್ನದು. ಈ ಮೆಲುಶಾಖದಲ್ಲಿ ಈರುಳ್ಳಿ ಬೆಳ್ಳುಳ್ಳಿಯ ಹಸಿವಾಸನೆಯೂ ಹೋಗುವುದಿಲ್ಲ. ಪಂದಿ ಕರಿಯ ಜೀವವಿರುವುದು ಕಪ್ಪಗೆ, ದಪ್ಪಗೆ, ತುಂಡಿಗೆ ಅಂಟಿ ನಿಲ್ಲುವ ಮಸಾಲೆಯಲ್ಲಿ. ಆದ್ದರಿಂದ ಮೊದಲಿನ ಕಾಲು ಗಂಟೆ ಮತ್ತು ಕೊನೆಯ ಕಾಲು ಗಂಟೆ ಒಲೆಯ ಮುಂದೆ ನೀವೇ ನಿಲ್ಲಬೇಕು. ನಡುವಿನ ಏಳು ಗಂಟೆಯನ್ನು ಮಡಕೆಗೆ ಬಿಡಿ. ಇದನ್ನು ಸೊಸೆಗೆ ಒಂದೇ ಸಲ ಹೇಳಿದೆ. ಈಗ ಅವಳೇ ನನಗೆ ನೆನಪಿಸುತ್ತಾಳೆ.

ನಮ್ಮ ನಾಲ್ಕು ಲೀಟರಿನ ಮಡಕೆಗೆ ಒಂದೂವರೆ ಕಿಲೋ ಮಾಂಸ ಸರಿಯಾದ ಅಳತೆ. ತೊಗಲು, ಕೊಬ್ಬು ಸಹಿತ ಒಂದೂವರೆ ಅಂಗುಲದ ತುಂಡುಗಳು. ಇದಕ್ಕಿಂತ ಸಣ್ಣದಾದರೆ ಕರಗಿಹೋಗುತ್ತವೆ. ತೊಳೆದು ಚೆನ್ನಾಗಿ ನೀರು ಬಸಿದು, ಒಂದು ದೊಡ್ಡ ಚಮಚ ಉಪ್ಪು, ಒಂದು ಸಣ್ಣ ಚಮಚ ಅರಿಶಿನ, ಎರಡು ಸಣ್ಣ ಚಮಚ ಮೆಣಸಿನಪುಡಿ ಹಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಅಷ್ಟರಲ್ಲಿ ನಾಲ್ಕು ಈರುಳ್ಳಿ, ಇಪ್ಪತ್ತು ಎಸಳು ಬೆಳ್ಳುಳ್ಳಿ, ಎರಡು ಅಂಗುಲ ಶುಂಠಿ, ಐದಾರು ಹಸಿಮೆಣಸು ಇವನ್ನು ಜಜ್ಜಿಕೊಳ್ಳಿ. ಮಿಕ್ಸಿಯಲ್ಲಿ ನುಣ್ಣಗೆ ಅರೆಯಬೇಡಿ. ದಪ್ಪ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಮಾತ್ರ ಹಾಕಿ, ಜಜ್ಜಿದ್ದನ್ನು ಒಂದು ಹಿಡಿ ಕರಿಬೇವಿನೊಡನೆ ಅಂಚು ಕೆಂಪಾಗುವವರೆಗೆ ಬಾಡಿಸಿ. ಮಾಂಸವನ್ನೂ ಸೇರಿಸಿ ಐದು ನಿಮಿಷ ಮೇಲೆ ಕೆಳಗೆ ಮಾಡಿ, ಬಿಸಿಯಾಗಿರುವಾಗಲೇ ಮಡಕೆಗೆ ಹಾಕಿ. ನೀರು ಅರ್ಧ ಲೋಟ, ಅದೂ ಬಿಸಿ ನೀರು. ಅದಕ್ಕಿಂತ ಒಂದು ಹನಿಯೂ ಬೇಡ. ಮೊದಲ ಒಂದು ಗಂಟೆ 'ಹೈ', ಆಮೇಲೆ ಆರು ಗಂಟೆ 'ಲೋ'. ನಡುವೆ ಮುಚ್ಚಳ ತೆಗೆದು ಇಣುಕುವ ಚಪಲ ಬೇಡ. ಒಮ್ಮೆ ತೆಗೆದರೆ ಕಳೆದುಹೋದ ಶಾಖ ಮತ್ತೆ ಕೂಡಲು ಇಪ್ಪತ್ತು ನಿಮಿಷವಾದರೂ ಬೇಕು.

ಪುಡಿಗೆ ಮೂರು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದೂವರೆ ಸಣ್ಣ ಚಮಚ ಜೀರಿಗೆ, ಎರಡು ಸಣ್ಣ ಚಮಚ ಕರಿಮೆಣಸು, ಅರ್ಧ ಚಮಚ ಸಾಸಿವೆ, ಕಾಲು ಚಮಚ ಮೆಂತ್ಯ. ಇವನ್ನು ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ, ಕಾಫಿಪುಡಿಯ ಬಣ್ಣ ಬರುವವರೆಗೆ ಹುರಿಯಬೇಕು. ಹೊಸಬರು ಕೊತ್ತಂಬರಿ ಘಮ್ಮೆಂದೊಡನೆ ಇಳಿಸಿಬಿಡುತ್ತಾರೆ. ಅದು ಸಾಂಬಾರಿಗೆ ಸರಿ, ಇದಕ್ಕಲ್ಲ. ಮೆಂತ್ಯ ಮಾತ್ರ ಕರಕಲಾದರೆ ಕಹಿಯಾಗುತ್ತದೆ. ಈ ಪುಡಿಯನ್ನು ಭಾನುವಾರವೇ ಮಾಡಬೇಕೆಂದಿಲ್ಲ, ಬಿಡುವಾದ ದಿನ ಮಾಡಿ ಬಾಟಲಿಗೆ ತುಂಬಿಡಬಹುದು.

ಏಳು ಗಂಟೆಯ ನಂತರ ಎಲ್ಲವನ್ನೂ ಅಗಲವಾದ ಬಾಣಲೆಗೆ ಸುರಿದು ದೊಡ್ಡ ಉರಿಯಲ್ಲಿಡಿ. ಮೇಲೆ ತೇಲುವ ಕೊಬ್ಬು ಹೆಚ್ಚೆನಿಸಿದರೆ ಸೌಟಿನಿಂದ ತೆಗೆದಿಡಿ. ಪುಡಿ ಹಾಕಿ, ನೀರು ಇಂಗಿ ಮಸಾಲೆ ತುಂಡಿಗೆ ಹಿಡಿಯುವಾಗ ಒಂದೂವರೆ ದೊಡ್ಡ ಚಮಚ ಕಾಚಂಪುಳಿ ಸುರಿಯಿರಿ. ಎರಡು ನಿಮಿಷದಲ್ಲಿ ಕಂದು ಬಣ್ಣ ಕಪ್ಪಿಗೆ ತಿರುಗುತ್ತದೆ. ಪುಳಿಯನ್ನು ಮೊದಲೇ ಮಡಕೆಗೆ ಹಾಕುವವರೂ ಇದ್ದಾರೆ. ಏಳು ಗಂಟೆ ಹುಳಿಯಲ್ಲಿ ಬೆಂದ ಮಾಂಸದ ರುಚಿ ನನಗೆ ಸೇರದು, ಹುಳಿಯ ಚುರುಕೂ ಸತ್ತಿರುತ್ತದೆ.

ಈ ಕಾಚಂಪುಳಿ ಏನೆಂದು ಸಂಘದಲ್ಲಿ ಎಷ್ಟೋ ಜನ ಕೇಳಿದ್ದಾರೆ. ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣಿನ ರಸ ಅದು. ಮಳೆಗಾಲದಲ್ಲಿ ಉದುರಿದ ಹಣ್ಣನ್ನು ಬುಟ್ಟಿಯಲ್ಲಿ ಹಾಕಿಟ್ಟರೆ ಕೊಳೆತು ರಸ ತೊಟ್ಟಿಕ್ಕುತ್ತದೆ. ಅದನ್ನು ಕುದಿಸಿ ಕುದಿಸಿ ಡಾಂಬರಿನಂತೆ ಕಪ್ಪಗೆ ಮಾಡುತ್ತಾರೆ. ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಊರಿಂದ ಬರುವವರ ಕೈಯಲ್ಲಿ ನಾವು ಮೊದಲು ಹುಡುಕುವುದು ಅದನ್ನೇ. ಬಸ್ಸಿನಲ್ಲಿ ಸೋರಿ ಅದೆಷ್ಟು ರೇಷ್ಮೆ ಸೀರೆಗಳು ಹಾಳಾಗಿವೆಯೋ! ಅದು ಸಿಗದಿದ್ದರೆ ಇಲ್ಲಿಯ ಕೇರಳದ ಅಂಗಡಿಗಳಲ್ಲಿ ಕುಡಂಪುಳಿ ಇರುತ್ತದೆ. ಅದೇ ಹಣ್ಣಿನ ಒಣಗಿದ ಸಿಪ್ಪೆ. ಬಿಸಿ ನೀರಲ್ಲಿ ನೆನೆಸಿ ಆ ನೀರನ್ನು ಬಳಸಿ. ನನ್ನ ಸೊಸೆ ತವರಿನ ಕೋಕಂ ಹಾಕಿ ನೋಡಿದಳು. ಮಂಗಳೂರಿನವರ ಪುನರ್ಪುಳಿ ಅದು, ಉಪ್ಪಾಗೆಯ ಹತ್ತಿರದ ಬಂಧು. ಹುಳಿ ಹಿತವಾಗಿತ್ತು, ಆದರೆ ಕರಿ ಕಪ್ಪಾಗಲಿಲ್ಲ. ಅದಕ್ಕೆ ನಾವು ಮನೆಯಲ್ಲಿ ಮಾಲ್ವಣಿ ಪಂದಿ ಎಂದು ಹೆಸರಿಟ್ಟೆವು. ಈಗ ಎರಡೂ ನಡೆಯುತ್ತವೆ.

ಮಾಂಸ ಎಲ್ಲಿ ಕೊಳ್ಳಬೇಕೆಂಬುದು ಮುಂಬಯಿಯಲ್ಲಿ ದೊಡ್ಡ ಪ್ರಶ್ನೆಯಲ್ಲ. ಬಾಂದ್ರಾ, ವಕೋಲಾ, ಮಲಾಡಿನ ಓರ್ಲೆಂ, ವಸಾಯಿ ಹೀಗೆ ಕ್ರೈಸ್ತರು ಹೆಚ್ಚಾಗಿರುವ ಕಡೆ ಒಳ್ಳೆಯ ಅಂಗಡಿಗಳಿವೆ. ತಪಾಸಣೆಯಾದ ಮಾಂಸವೇ ಎಂದು ಕೇಳಿ ಕೊಳ್ಳಿ, ನಾಚಿಕೆ ಬೇಡ. ಭುಜ ಮತ್ತು ಹೊಟ್ಟೆಯ ಭಾಗವನ್ನು ಅರ್ಧರ್ಧ ಕೇಳಿ. ಬೆನ್ನಿನ ಮೆತ್ತನೆಯ ಮಾಂಸ ದುಬಾರಿ, ಈ ಮಡಕೆಯಲ್ಲಿ ಅದು ಒಣ ಹತ್ತಿಯಾಗುತ್ತದೆ. ಹಂದಿ ಮಾಂಸವೆಂದರೆ ತಲೆಗೆ ಹುಳ ಏರುತ್ತದೆಂದು ಹೆದರಿಸುವವರಿಗೂ ಒಂದು ಉತ್ತರ: ಸರಿಯಾಗಿ ಬೇಯದ ಮಾಂಸ ತಿಂದರೆ ಹೊಟ್ಟೆಯಲ್ಲಿ ಲಾಡಿಹುಳ ಆಗಬಹುದು. ಮಿದುಳಿಗೆ ಹೋಗುವ ಗಂಟುಗಳು ಬರುವುದು ಆ ಹುಳದ ಮೊಟ್ಟೆಗಳಿಂದ. ಹುಳವಿರುವ ಮನುಷ್ಯರ ಮಲದಿಂದ ಕೊಳಕಾದ ನೀರು, ತೊಳೆಯದ ಸೊಪ್ಪು, ತೊಳೆಯದ ಕೈ ಇವುಗಳ ಮೂಲಕ ಆ ಮೊಟ್ಟೆ ಒಳಸೇರುತ್ತದೆ. ಹಾಗಾಗಿ ಶುದ್ಧ ಸಸ್ಯಾಹಾರಿಗಳಿಗೂ ಆ ಕಾಯಿಲೆ ಬರುವುದುಂಟು. ಈ ಮಡಕೆಯಲ್ಲಿ ಏಳು ಗಂಟೆ ಬೆಂದ ತುಂಡಿನಲ್ಲಿ ಬದುಕಿ ಉಳಿಯುವ ಹುಳವಿಲ್ಲ.

ಹುಳಕ್ಕಿಂತ ಕಷ್ಟದ ವಿಷಯ ನೆರೆಹೊರೆ. ಕುಕ್ಕರಾದರೆ ಅರ್ಧ ಗಂಟೆಯಲ್ಲಿ ವಾಸನೆಯ ಪ್ರಕರಣ ಮುಗಿಯುತ್ತದೆ. ಈ ಮಡಕೆ ಏಳು ಗಂಟೆ ಕಾಲ ಮೆಟ್ಟಿಲಿಗೆಲ್ಲ ಸುದ್ದಿ ಹಂಚುತ್ತದೆ. ಮಾಂಸ ತಿನ್ನುವವರಿಗೆ ಮನೆ ಬಾಡಿಗೆಗೆ ಕೊಡದ ಕಟ್ಟಡಗಳು ಈ ನಗರದಲ್ಲಿ ಎಷ್ಟಿವೆಯೆಂದು ಮನೆ ಹುಡುಕಿದವರಿಗೆ ಗೊತ್ತು. ನಾವೂ ಒಮ್ಮೆ, ಮುಂಗಡ ಕೊಡುವ ಹಂತದಲ್ಲಿ, ಹಾಗೆ ವಾಪಸಾದವರೇ. ನಮ್ಮ ಸ್ವಂತ ಮನೆಯಲ್ಲಿ ಏನು ಬೇಯಿಸಬೇಕೆಂಬುದು ನಮ್ಮ ಇಷ್ಟ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ನಾನು ಮಡಕೆ ಹಚ್ಚುವುದು ರಾತ್ರಿ ಹತ್ತೂವರೆಗೆ, ಎದುರು ಮನೆಯ ಬೆನ್ ಬಾಗಿಲು ಹಾಕಿದ ಮೇಲೆ. ಬೆಳಿಗ್ಗೆ ಐದೂವರೆಗೆ ಮಾಂಸ ಬೆಂದಿರುತ್ತದೆ, ಆರಕ್ಕೆ ಬಾಣಲೆ ಇಳಿದಿರುತ್ತದೆ. ಇದು ಹೆದರಿಕೆಯಲ್ಲ. ಆ ಬೆನ್ ಮೂವತ್ತು ವರ್ಷದಿಂದ ನಮ್ಮ ಮಕ್ಕಳಿಗೆ ಢೋಕ್ಲಾ ಕೊಟ್ಟವರು, ನನ್ನ ಬಾಣಂತನದಲ್ಲಿ ಗೋಂದಿನ ಲಡ್ಡು ಮಾಡಿ ತಂದವರು. ಒಮ್ಮೆ ಬೆಳಿಗ್ಗೆ, "ನಿಮ್ಮ ಮನೆಯಿಂದ ಏನೋ ಕಾಢಾ ಕುದಿಸಿದ ಹಾಗೆ ಮೆಣಸಿನ ವಾಸನೆ, ಯಾರಿಗೆ ಹುಷಾರಿಲ್ಲ?" ಎಂದು ಕೇಳಿದರು. ಪಂದಿ ಕರಿ ಎಂದೇ ಹೇಳಿದೆ. "ಅಚ್ಛಾ, ಹಬ್ಬವಾ?" ಎಂದಷ್ಟೇ ಹೇಳಿ ಹಾಲಿನ ಚೀಲ ತೆಗೆದುಕೊಂಡು ಒಳಗೆ ಹೋದರು. ಸಂಜೆ ಎಂದಿನಂತೆ ಬಂದು ಕುಳಿತರು.

ಮಂಗಳೂರಿನ ಕ್ರೈಸ್ತ ಗೆಳತಿಯರ ದುಕ್ರಾ ಮಾಸ್ ಈ ಮಡಕೆಗೆ ಪಂದಿ ಕರಿಗಿಂತಲೂ ಸುಲಭವಾಗಿ ಒಗ್ಗುತ್ತದೆ. ಬಾಫಾತ್ ಪುಡಿ, ಈರುಳ್ಳಿ, ಶುಂಠಿ, ವಿನೆಗರ್ ಸೇರಿದ ಅದಕ್ಕೆ ರಸ ಸ್ವಲ್ಪ ಇದ್ದರೇ ಚೆಂದ, ಸಾನ್ನಾಂ ಅದ್ದಿ ತಿನ್ನಬೇಕಲ್ಲ. ವಿಂದಾಲೂ ಕೂಡ ಹಾಗೆಯೇ. ಆ ಹೆಸರು ಬಂದದ್ದು ವೈನ್ ಮತ್ತು ಬೆಳ್ಳುಳ್ಳಿ ಎಂಬ ಅರ್ಥದ ಪೋರ್ಚುಗೀಸ್ ಮಾತುಗಳಿಂದ. ಹೋಟೆಲಿನವರು ಹಾಕುವ ಆಲೂಗಡ್ಡೆಗೂ ಅದಕ್ಕೂ ಸಂಬಂಧವಿಲ್ಲ. ಸೊರ್ಪೊತೆಲ್ ಮಾತ್ರ ಬೇಡ. ಅದರಲ್ಲಿ ಕೆಲಸವೆಲ್ಲ ಸಣ್ಣಗೆ ಹೆಚ್ಚುವುದರಲ್ಲಿ, ಹುರಿಯುವುದರಲ್ಲಿ. ಮಡಕೆ ಉಳಿಸಿಕೊಡುವ ಶ್ರಮ ಏನೂ ಇಲ್ಲ.

ನನ್ನ ಅತ್ತೆಗೆ ಎಂಬತ್ತನಾಲ್ಕು ತುಂಬಿದೆ, ಹಲ್ಲಿನ ಸೆಟ್ಟು. ಕುಕ್ಕರಿನ ಮಾಂಸವನ್ನು ಅವರು ತಟ್ಟೆಯ ಬದಿಗೆ ಸರಿಸಿ ಬರೀ ಮಸಾಲೆಯಲ್ಲಿ ಅನ್ನ ಕಲಸಿಕೊಳ್ಳುತ್ತಿದ್ದರು. ಈಗ ಮಡಕೆಯ ತುಂಡನ್ನು ನಾಲಿಗೆಯಲ್ಲೇ ಒತ್ತಿ ತಿನ್ನುತ್ತಾರೆ. ಡಾಕ್ಟರು ಕೊಬ್ಬು ಕಡಿಮೆ ಮಾಡಿ ಎಂದಿರುವುದರಿಂದ ಅವರ ಪಾಲನ್ನು ಪುಡಿ ಹಾಕುವ ಮೊದಲೇ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡುತ್ತೇನೆ. ಮರುದಿನಕ್ಕೆ ಕೊಬ್ಬು ಮೇಲೆ ಬಿಳಿ ತಟ್ಟೆಯಂತೆ ಗಟ್ಟಿಯಾಗಿರುತ್ತದೆ, ಚಮಚದಿಂದ ಎತ್ತಿ ತೆಗೆದು ಉಳಿದದ್ದಕ್ಕೆ ಮಸಾಲೆ ಕೂಡಿಸುವುದು. ಹಳೆಯದನ್ನು ಬಿಸಿ ಮಾಡಲು ಮಡಕೆ ಉಪಯೋಗಿಸಬೇಡಿ, ಬಹಳ ಹೊತ್ತು ಅರೆಬಿಸಿಯಾಗಿರುತ್ತದೆ. ಗ್ಯಾಸಿನ ಮೇಲೆ ಚೆನ್ನಾಗಿ ಕುದಿಸಿ.

ಜೊತೆಗೆ ಕಡಂಬುಟ್ಟು ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಊಟ ಅರ್ಧವೇ. ಎರಡು ಲೋಟ ಅಕ್ಕಿ ತರಿಗೆ ನಾಲ್ಕು ಲೋಟ ನೀರು. ನೀರು ಉಪ್ಪು ಹಾಕಿ ಕುದಿ ಬಂದಾಗ ತರಿ ಸುರಿದು, ಗಂಟಾಗದಂತೆ ತಿರುವಿ, ಸಣ್ಣ ಉರಿಯಲ್ಲಿ ನೀರಿಂಗುವವರೆಗೆ ಮುಚ್ಚಿಡಿ. ಕೈ ಸುಡದಷ್ಟು ಆರಿದ ಮೇಲೆ ಅಂಗೈಗೆ ನೀರು ಮುಟ್ಟಿಸಿಕೊಂಡು ನಿಂಬೆಗಾತ್ರಕ್ಕಿಂತ ತುಸು ದೊಡ್ಡ ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಉಂಡೆ ಕಟ್ಟುವ ಕೆಲಸಕ್ಕೆ ಮೊಮ್ಮಗನನ್ನು ಕರೆಯಿರಿ. ಅವನ ಉಂಡೆಗಳು ಸೊಟ್ಟಗಿದ್ದರೂ ಬೇಯುತ್ತವೆ.